ತಾರೀಖು ಬಿಟ್ಟ ಜಾಗ

ನನ್ನ ಅಕ್ಕನನ್ನು ಕೊಟ್ಟಿರುವುದು ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಗೆ. ಸೊಲ್ಲಾಪುರ ಬಿಟ್ಟು, ಬೋರಾಮಣಿಯ ಹುಲ್ಲುಗಾವಲು ದಾಟಿ ಒಳದಾರಿ ಹಿಡಿದರೆ ಒಂದು ತಾಸಿನ ಹಾದಿ. ನಾನು ಸೊಲ್ಲಾಪುರದ ಪೇಟೆಯಲ್ಲಿ ಚಾದರು, ಟಾವೆಲ್ಲು ಮಾರುವವನು. ಮುಂದೆ ಅಂಗಡಿ, ಹಿಂದೆ ಮನೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅಕ್ಕನಿಂದ ಒಂದು ಫೋನು ಬರುತ್ತದೆ.

"ತಮ್ಮಾ, ಮಿರಗದ ಮಳಿ ಹತ್ರ ಬಂತು. ಬ್ಯಾನರ್ ಕೂಡಿಸಿಡು. ಟೆಂಪೊ ಕಳಸ್ತೀನಿ."

ಬ್ಯಾನರ್ ಎಂದರೆ ಹಳೆಯ ಫ್ಲೆಕ್ಸು. ನಮ್ಮ ಪೇಟೆಯಲ್ಲಿ ಯಾರು ಹುಟ್ಟಿದರೂ ಫ್ಲೆಕ್ಸು, ಯಾರು ಸತ್ತರೂ ಫ್ಲೆಕ್ಸು, ಯಾರಾದರೂ ಉಪಾಧ್ಯಕ್ಷರಾದರಂತೂ ಎರಡು ಫ್ಲೆಕ್ಸು. ವಾರ ಕಳೆದ ಮೇಲೆ ಇಳಿಸಿ ಸುತ್ತಿ ಎಲ್ಲಾದರೂ ಒಗೆಯಬೇಕಲ್ಲ, ನಮ್ಮ ಗಲ್ಲಿಯ ಮಂಡಳದವರು ನನ್ನ ಅಂಗಡಿಯ ಅಟ್ಟಕ್ಕೆ ಒಗೆಯುತ್ತಾರೆ. ಅವು ಅಲ್ಲಿಂದ ಅಕ್ಕನ ಊರಿಗೆ ಹೋಗಿ ಬಣವೆಗಳ ಮೇಲೆ ಹಾಸಿಕೊಳ್ಳುತ್ತವೆ. ವರ್ಷವಿಡೀ ದನ ತಿನ್ನಬೇಕಾದ ಒಣ ಮೇವು ಅದು, ನೀರು ತಾಗಿದರೆ ಕೊಳೆತುಹೋಗುತ್ತದೆ. ಅದಕ್ಕೆ ಫ್ಲೆಕ್ಸಿನಂಥ ಹೊದಿಕೆ ಇನ್ನೊಂದಿಲ್ಲ.

ಜೂನ್ ತಿಂಗಳಲ್ಲಿ ಆ ಊರಿಗೆ ಹೋದರೆ ಮೊದಲು ಕಾಣುವುದು ಮುಖಗಳು. ಒಂದೊಂದು ಬಣವೆಯ ಮೇಲೂ ಒಬ್ಬೊಬ್ಬ ಮುಖಂಡ ಕೈಮುಗಿದು ಆಕಾಶ ನೋಡುತ್ತ ಮಲಗಿರುತ್ತಾನೆ. ಕೆಳಗಿನಿಂದ ಗಾಳಿ ಹೊಕ್ಕಾಗ ಎದೆ ಉಬ್ಬುತ್ತದೆ, ಗಾಳಿ ಬಿಟ್ಟಾಗ ಇಳಿಯುತ್ತದೆ. ಅಕ್ಕನ ಮಗ ಸಣ್ಣವನಿದ್ದಾಗ ಆ ಬಣವೆಗಳ ನಡುವಿನ ಹಾದಿಯಲ್ಲಿ ಒಬ್ಬನೇ ಬರುತ್ತಿರಲಿಲ್ಲ. "ಮಾಮಾ, ಅವ್ರು ಉಸರಾಡ್ತಾರ. ಬೋರಲ ಹಾಸ್ರಿ" ಎಂದು ನನ್ನ ಬೆರಳು ಹಿಡಿಯುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಆ ಅಳಿಯ ಈಗ ಸೈನ್ಯದಲ್ಲಿದ್ದಾನೆ. ಭರ್ತಿಗೆ ಮುಂಚೆ ಒಂದೂವರೆ ವರ್ಷ ಬೋರಾಮಣಿಯ ರಸ್ತೆಯ ಮೇಲೆ ಓಡಿದ. ಓಡುವ ಬೂಟು ಕೊಡಿಸಿದವನು ನಾನು. ಇದನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಹೆಂಡತಿ "ಬೂಟ್ ಅಷ್ಟ ನಿಮ್ದು, ಕಾಲ ಅವಂದು" ಎಂದು ಒಮ್ಮೆ ಎಲ್ಲರೆದುರಿಗೆ ಅಂದುಬಿಟ್ಟಳು. ನನಗೆ ಸಿಟ್ಟು ಬಂದಿತ್ತು. ಆಕೆ ಹೇಳಿದ್ದು ಸರಿಯಿತ್ತು, ಅದಕ್ಕೇ ಬಂದಿತ್ತು.

ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿದ ಮೇಲೆ ನಮ್ಮ ಗಲ್ಲಿಯ ಆರು ಜನ ವ್ಯಾಪಾರಿಗಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತೇವೆ. ಒಳಗೆ ಟೀವಿ ಹಚ್ಚಿರುತ್ತೇನೆ. ನಮ್ಮಲ್ಲಿ ಬಣ್ಣದ ಅಂಗಡಿಯವರು ಒಬ್ಬರು ಹಿರಿಯರು, ಮಂಡಳದ ಅಧ್ಯಕ್ಷರು, ಅವರನ್ನು ನಾವು ಅಧ್ಯಕ್ಷರೆಂದೇ ಕರೆಯುವುದು. ಗಡಿಯಲ್ಲಿ ಗಲಾಟೆ ಶುರುವಾದಾಗ ಅವರು ತಟ್ಟೆಯೊಳಗಿನ ಚಹಾ ಊದಿಕೊಳ್ಳುತ್ತ, "ಒಮ್ಮೆ ಆರ್‌ಪಾರ್ ಲಡಾಯಿ ಆಗೇ ಬಿಡಬೇಕ್ರಿ" ಎಂದರು. ನಾವು ಐವರೂ ಹೌದೆಂದೆವು. ಆಮೇಲೆ ದಿನಾ ಅದೇ ಮಾತು. ಎಲ್ಲಿಂದ ನುಗ್ಗಬೇಕು, ಎಷ್ಟು ದಿನದಲ್ಲಿ ಮುಗಿಸಬೇಕು, ಮಧ್ಯದಲ್ಲಿ ಯಾರು ಬಂದು ಬೇಡ ಅಂದರೂ ನಿಲ್ಲಿಸಬಾರದು. ಶಾಂತಿ ಎಂಬ ಮಾತು ಎತ್ತಿದ ಒಬ್ಬ ಮಾಸ್ತರರನ್ನು ನಾವು ಮೆಟ್ಟಿಲಿನಿಂದಲೇ ಹೀಯಾಳಿಸಿ ಕಳಿಸಿದೆವು.

ಆರು ಜನರಲ್ಲಿ ಒಬ್ಬನೂ ಸೈನ್ಯದ ಗೇಟಿನೊಳಗೆ ಕಾಲಿಟ್ಟವನಲ್ಲ. ನಾನು ಕಾಲೇಜಿನಲ್ಲಿ ಮೂರು ತಿಂಗಳು ಕವಾಯತಿಗೆ ಹೋಗಿ, ಬೂಟು ಕಚ್ಚುತ್ತದೆಂದು ಬಿಟ್ಟೆ. ಉಳಿದವರ ಮಕ್ಕಳು ಅಂಗಡಿಯಲ್ಲೋ ಪುಣೆಯಲ್ಲೋ ಇದ್ದಾರೆ. ಒಬ್ಬನಿಗೆ ಪಾದ ಚಪ್ಪಟೆ, ಒಬ್ಬನಿಗೆ ದಮ್ಮು, ಇನ್ನೊಬ್ಬ ಮನೆಗೆ ಒಬ್ಬನೇ ಮಗ. ನನ್ನ ಮಗ ಹನ್ನೆರಡನೆಯ ತರಗತಿಯಲ್ಲಿದ್ದಾಗ ಸೈನ್ಯದ ಅಧಿಕಾರಿಗಳ ಪರೀಕ್ಷೆ ಬರೆಯುತ್ತೇನೆ ಅಂದಿದ್ದ. ಅವತ್ತೇ ಸಂಜೆ ಅವನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ನಂಬರು ಬಂತು, ದಪ್ಪ ಕನ್ನಡಕ ಬಂತು. ಬರುವಾಗ ಮನೆಗೆ ಬಾಸುಂದಿ ತಂದೆ. ಯಾಕೆ ತಂದೆನೆಂದು ಯಾರಿಗೂ ಹೇಳಲಿಲ್ಲ. ಅವನು ಈಗ ಪುಣೆಯಲ್ಲಿ ಲೆಕ್ಕಶಾಸ್ತ್ರ ಓದುತ್ತಿದ್ದಾನೆ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂದು ನಮ್ಮಲ್ಲಿ ಗಾದೆಯಿದೆ. ಆದರೆ ನನಗೆ ಆ ಗಾದೆ ತಗಲುವುದಿಲ್ಲ ಅಂದುಕೊಂಡಿದ್ದೆ, ಯಾಕೆಂದರೆ ನನಗೆ ಅಳಿಯ ಇದ್ದ. "ನಮ್ಮ ಮನಿಯಿಂದ ಒಬ್ಬಾಂವ ಅದಾನ್ರಿ ಅಲ್ಲಿ" ಎಂದು ನಾನು ಅಂದಾಗ ಅಧ್ಯಕ್ಷರು ಕೂಡ ತಟ್ಟೆ ಕೆಳಗಿಟ್ಟು ನನ್ನ ಮಾತು ಕೇಳುತ್ತಿದ್ದರು. ಅವನ ಯೂನಿಫಾರ್ಮು ತೊಟ್ಟುಕೊಂಡು ಮೆರೆದವನು ನಾನು.

ಒಂದು ದಿನ ಅಳಿಯನ ಫೋನು ಬಂತು. "ಮಾಮಾ, ಇನ್ನ ಸ್ವಲ್ಪ ದಿನಾ ಫೋನ್ ಹತ್ತಂಗಿಲ್ಲ. ಅವ್ವ ಅಂಜತಾಳ. ಒಮ್ಮಿ ಹೋಗಿ ಸಮಾಧಾನ ಹೇಳ್ರಿ" ಅಂದ. ಹೋಗುತ್ತೇನೆ ಅಂದೆ. ಹೋಗಲಿಲ್ಲ. ಬದಲಿಗೆ ಮರುದಿನ ಚಹಾದ ಹೊತ್ತಿಗೆ ಆ ಸುದ್ದಿಯನ್ನು ಮೆಟ್ಟಿಲ ಮೇಲೆ ಇಟ್ಟೆ. ಫೋನು ಬಂದ್ ಮಾಡಿಸಿದ್ದಾರೆಂದರೆ ಈ ಸಲ ಏನೋ ದೊಡ್ಡದೇ ಆಗುತ್ತದೆ ಎಂದು ಎಲ್ಲರೂ ಖುಷಿಪಟ್ಟರು. ನಾನೂ ಪಟ್ಟೆ.

ಆ ಹೊತ್ತಿನಲ್ಲೇ ಅಧ್ಯಕ್ಷರು ಹಳೆಯ ಒಂದು ಅವಮಾನ ನೆನಪಿಸಿದರು. ಹಿಂದೊಮ್ಮೆ ಬೇರೆ ತಾಲ್ಲೂಕಿನ ಒಬ್ಬ ಸೈನಿಕ ತೀರಿಕೊಂಡಾಗ ಆಚೆ ಗಲ್ಲಿಯವರ ಶ್ರದ್ಧಾಂಜಲಿಯ ಫ್ಲೆಕ್ಸು ಒಂದು ತಾಸಿನಲ್ಲಿ ಚೌಕದಲ್ಲಿ ನಿಂತಿತ್ತು. ನಮ್ಮದು ನಿಂತದ್ದು ಮೂರನೆಯ ದಿನ. ಎಲ್ಲ ಛಾಪಖಾನೆಗಳಲ್ಲಿ ಪಾಳಿ ಹತ್ತಿತ್ತು, ಏನು ಮಾಡುವುದು. "ಹಂಗಾಮಕ್ಕ ಮೊದಲ ಮಾಲ್ ತುಂಬಸಬೇಕ್ರಿ. ವ್ಯಾಪಾರಸ್ಥರು ನಾವು, ಇಷ್ಟೂ ತಿಳೀಬಾರದೇನು? ನಿಮ್ಮ ಅಳಿಯಂದ ಒಂದ ಛಲೋ ಫೋಟೊ ಕಳಸ್ರಿ. ಎರಡ ನಮೂನಿ ಮಾಡಿಸಿ ಇಟ್ಟಬಿಡ್ತೀನಿ" ಅಂದರು.

ಲಗ್ನದ ಹಂಗಾಮಕ್ಕೆ ಫೆಬ್ರುವರಿಯಲ್ಲೇ ಚಾದರು ತುಂಬಿಸುವವನು ನಾನು. ಮಾತು ಕಿವಿಗೆ ಸಹಜವಾಗಿಯೇ ಬಿತ್ತು. ಫೋಟೊ ಕಳಿಸಿದೆ. ಒಂದು ನಮೂನೆ ಸ್ವಾಗತದ್ದೆಂದು ಗೊತ್ತಿತ್ತು. ಇನ್ನೊಂದು ಯಾವುದೆಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆಂದೇ ಕೇಳಲಿಲ್ಲ.

ಮೂರು ದಿನ ಬಿಟ್ಟು ಊರಿನಲ್ಲಿ ಯುದ್ಧದ ತಾಲೀಮು ಇತ್ತು. ಮಧ್ಯಾಹ್ನ ನಾಲ್ಕಕ್ಕೆ ಭೋಂಗಾ, ಅಂದರೆ ಸೈರನ್ನು, ಊದುತ್ತದೆ, ಊದಿದ ಕೂಡಲೇ ಒಳಗೆ ಹೋಗಿ ಕೂಡಬೇಕು ಎಂದು ಸಾರಿದ್ದರು. ನಮ್ಮೂರಿಗೆ ಭೋಂಗಾ ಹೊಸತಲ್ಲ. ಗಿರಣಿಗಳಿದ್ದಾಗ ಇಡೀ ಊರು ಅದರ ಮೇಲೆ ಏಳುತ್ತಿತ್ತು, ಉಣ್ಣುತ್ತಿತ್ತು. ಗಿರಣಿಗಳು ಮುಚ್ಚಿ ಎಷ್ಟೋ ವರ್ಷವಾದವು. ಅವತ್ತು ಅದು ಊದಿದಾಗ ಎದುರಿನ ಫುಟ್‌ಪಾತಿನಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಗಿರಣಿ ಇದ್ದ ದಿಕ್ಕಿಗೆ ನಡೆಯತೊಡಗಿದ. ಪೊಲೀಸನೊಬ್ಬ ಅವನ ತೋಳು ಹಿಡಿದು ನಿಲ್ಲಿಸಿದ. ಅಷ್ಟು ನೋಡುವುದರೊಳಗೆ ನಾನು ಶಟರ್ ಎಳೆದಿದ್ದೆ. ಇಡೀ ಗಲ್ಲಿಯಲ್ಲಿ ಮೊದಲು ಕೆಳಗಿಳಿದ ಆರು ಶಟರುಗಳು ನಮ್ಮವೇ.

ಒಳಗೆ ಕತ್ತಲು. ಶಟರಿನ ತೂತುಗಳಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಚಾದರುಗಳ ಮೇಲೆ ಬಿದ್ದಿತ್ತು. ಹೊರಗೆ ಆ ಕೂಗು ಏರುತ್ತಿತ್ತು, ಇಳಿಯುತ್ತಿತ್ತು. ಅಂಗಡಿಯೊಳಗೆ ನಾನೊಬ್ಬನೇ ಇಲ್ಲ ಎಂದು ಯಾಕೋ ಅನಿಸಿತು. ತಿರುಗಿ ನೋಡಿದರೆ ಮೂಲೆಯಲ್ಲಿ ಒಂದು ಸುರುಳಿ ನಿಂತಿದೆ, ನನ್ನಷ್ಟೇ ಎತ್ತರ. ಬೆಳಿಗ್ಗೆ ಯಾರೋ ತಂದಿಟ್ಟು ಹೋಗಿದ್ದರು, ಗಿರಾಕಿಗಳ ಗದ್ದಲದಲ್ಲಿ ನಾನು ಗಮನಿಸಿರಲಿಲ್ಲ.

ಫೋನಿನ ಟಾರ್ಚು ಹಚ್ಚಿ ನೆಲದ ಮೇಲೆ ಬಿಚ್ಚಿದೆ. ಕೆಳಗಿನ ತುದಿ ಮೊದಲು ಬಿಚ್ಚಿಕೊಂಡಿತು. ಅಲ್ಲಿ ಸಾಲಾಗಿ ಆರು ದುಂಡು ಚೌಕಟ್ಟು, ಆರರಲ್ಲೂ ನಾವು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿಗೆ ಕೊಟ್ಟ ಫೋಟೊಗಳೇ, ಹಾಗಾಗಿ ಎಲ್ಲರೂ ನಗುತ್ತಿದ್ದೆವು. ಮೇಲೆ "ಶೋಕಾಕುಲ" ಎಂದು ಬರೆದಿತ್ತು. ಇನ್ನಷ್ಟು ಬಿಚ್ಚಿದೆ. "ವೀರಮರಣ ದಿನಾಂಕ" ಎಂದಿದ್ದು, ಅದರ ಮುಂದೆ ಒಂದು ಬಿಳಿ ಪಟ್ಟಿ ಖಾಲಿ ಇತ್ತು. ಆಮೇಲೆ ಸ್ಟಿಕರ್ ಹಚ್ಚಿದರಾಯಿತು ಎಂದು ಬಿಟ್ಟ ಜಾಗ. ಅದರ ಮೇಲೆ ಆಚೆ ಈಚೆ ಎರಡು ಜ್ಯೋತಿ. ನಡುವೆ ಅಳಿಯನ ಗದ್ದ, ತುಟಿ, ಕಣ್ಣು.

ನಾನು ಕಳಿಸಿದ ಫೋಟೊದಲ್ಲಿ ಅವನು ಅಕ್ಕನ ಜೊತೆ ನಿಂತಿದ್ದ. ಛಾಪಖಾನೆಯವರು ಅಕ್ಕನನ್ನು ಕತ್ತರಿಸಿ ತೆಗೆದಿದ್ದರು. ಆದರೆ ಅವನ ಭುಜದ ಮೇಲಿದ್ದ ಅವಳ ಕೈಬೆರಳುಗಳನ್ನು ತೆಗೆಯಲು ಅವರಿಗೆ ಬಂದಿರಲಿಲ್ಲ. ನಾಲ್ಕು ಬೆರಳು, ಮುಂಗೈ, ಎರಡು ಹಸಿರು ಬಳೆ. ಅದರ ಹಿಂದೆ ಯಾರೂ ಇರಲಿಲ್ಲ, ಬರೀ ನೀಲಿ ಆಕಾಶ. ಯಾರದೆಂದು ಗೊತ್ತಿಲ್ಲದ ಒಂದು ಕೈ ಅವನನ್ನು ಹಿಂದಿನಿಂದ ಹಿಡಿದು ಎಳೆಯುತ್ತಿರುವಂತೆ ಇತ್ತು. ಹೊರಗೆ ಭೋಂಗಾ ನಿಂತರೂ ನಾನು ಶಟರ್ ಎತ್ತಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವೆ. ನಾವು ಹೊಲಿಸಿದ್ದು ಅದಕ್ಕಿಂತ ಮುಂದಿನದು.

ಸಂಜೆ ಅಧ್ಯಕ್ಷರನ್ನು ಕೇಳಿದೆ. ಅವರಿಗೆ ಮುಜುಗರವೇ ಆಗಲಿಲ್ಲ. "ಸ್ವಾಗತದ್ದೂ ಐತಲ್ರಿ, ನನ್ನ ದುಕಾನದಾಗ ಐತಿ. ಯಾವುದ ಬೇಕಾಗತೈತಿ ಯಾರಿಗೆ ಗೊತ್ತು? ಛತ್ರಿ ಹಿಡಕೊಂಡ ಹೊಂಟ್ರ ಮಳಿ ಬರಂಗಿಲ್ಲ ಅಂತಾರ. ಕಾಳಜಿ ಮಾಡಬ್ಯಾಡ್ರಿ" ಅಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಅವರಿಗೆ ಇನ್ನೊಂದು ಚಹಾ ಹೇಳಿದೆ.

ಆದರೆ ಅದನ್ನು ಏನು ಮಾಡುವುದು? ಬದುಕಿರುವವರ ಫೋಟೊಗೆ ಹಾರ ಹಾಕಬಾರದು, ಅದನ್ನು ಸುಡಬಾರದು, ನೀರಿಗೆ ಬಿಡಬಾರದು. ನಮ್ಮ ಮನೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಹರಿಯಲು ಹೋದರೆ ಎಲ್ಲಿಂದ ಶುರು ಮಾಡಬೇಕು? ಯಾವ ಮೂಲೆಯಿಂದ ಹರಿದರೂ ಕೊನೆಗೆ ಮುಖಕ್ಕೇ ಬರಬೇಕು. ಮತ್ತೆ ಸುತ್ತಿ ಅಟ್ಟದ ಮೇಲೆ ಹಳೆಯ ಫ್ಲೆಕ್ಸುಗಳ ಹಿಂದೆ ದೂಡಿದೆ. ಅವತ್ತಿನಿಂದ ಅಂಗಡಿಯಲ್ಲಿ ಕೂತಾಗ ತಲೆಯ ಮೇಲೆ ಯಾರೋ ಮಲಗಿದ್ದಾರೆಂದು ಅನಿಸುತ್ತಿತ್ತು. ಫ್ಯಾನು ಜೋರಾಗಿ ತಿರುಗಿದಾಗ ಅಟ್ಟದಲ್ಲಿ ಏನೋ ಸರಸರ ಎನ್ನುತ್ತಿತ್ತು.

ಗುರುವಾರ ನಸುಕಿನಲ್ಲೇ ಎದ್ದು ಅಕ್ಕಲಕೋಟೆಗೆ ಹೋದೆ. ಅಳಿಯನ ಫೋನು ಬಂದ್ ಆಗಿ ಅಂದಿಗೆ ಹನ್ನೆರಡು ದಿನ. ಟೀವಿಯಲ್ಲಿ ಯಾವ ಸುದ್ದಿ ಖರೆ ಯಾವುದು ಸುಳ್ಳು ತಿಳಿಯುತ್ತಿರಲಿಲ್ಲ. ಸ್ವಾಮಿಗಳ ಗುಡಿಯ ಆಲದ ಮರದ ಕೆಳಗೆ ನಿಂತು, ಅವನು ಬದುಕಿ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಂಡು ಪ್ರಸಾದದ ಪಾಳಿಯಲ್ಲಿ ನಿಂತಿದ್ದಾಗ ಅಕ್ಕನ ಫೋನು ಬಂತು. ನಡುಮಧ್ಯಾಹ್ನ, ಸುತ್ತಲೂ ಜನ, ಗಂಟೆಯ ಸದ್ದು. ಅವಳ ದನಿ ಮಾತ್ರ ಬಹಳ ಹತ್ತಿರದಿಂದ ಬಂದಂತೆ ಕೇಳಿಸಿತು.

"ತಮ್ಮಾ, ತಾರೀಖ ಯಾಕ ಹಾಕಿಲ್ಲ?"

ನನಗೆ ತಿಳಿಯಲಿಲ್ಲ. "ಯಾವ ತಾರೀಖ ಅಕ್ಕಾ?"

"ಬ್ಯಾನರದಾಗ. ಎಲ್ಲಾ ಬರಸೀರಿ, ತಾರೀಖ ಬಿಟ್ಟೀರಿ."

ಆ ವರ್ಷ ಮೋಡಗಳು ಮೇ ತಿಂಗಳಲ್ಲೇ ಬಂದಿದ್ದವು. ಬಣವೆ ನೆನೆಯುತ್ತದೆಂದು ಅಕ್ಕ ಈ ಸಲ ಫೋನೂ ಮಾಡದೆ ಬೇಗನೆ ಟೆಂಪೊ ಕಳಿಸಿದ್ದಳು. ನಾನು ಊರಲ್ಲಿರಲಿಲ್ಲ. ನನ್ನ ಹೆಂಡತಿ, ಪಾಪ, ಪ್ರತಿವರ್ಷದಂತೆ ಅಟ್ಟದ ಮೇಲಿದ್ದುದನ್ನೆಲ್ಲ ಇಳಿಸಿ ಕೊಟ್ಟುಕಳಿಸಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಇಷ್ಟೂ ನನಗೆ ಆ ಪಾಳಿಯಲ್ಲಿ ನಿಂತಲ್ಲೇ ಒಂದೇ ಸಲಕ್ಕೆ ಹೊಳೆಯಿತು.

"ನಿಮಗ ಮೊದಲ ಗೊತ್ತಾಗಿರತೈತಿ. ಶಹರದಾಗ ಇರಾವ್ರು ನೀವು" ಅಕ್ಕ ಹೇಳುತ್ತಿದ್ದಳು. ಅಳು ಇರಲಿಲ್ಲ. "ನಾ ಏನೂ ಅನ್ನಂಗಿಲ್ಲ ನಿನಗ. ತಾರೀಖ ಅಷ್ಟ ಹೇಳು. ದಿನಕರ್ಮಕ್ಕ ದಿನಾ ಎಣಸಬೇಕಲ್ಲ."

"ಅಕ್ಕಾ, ಹಂಗಲ್ಲ, ನಾ ಬರಾಕತ್ತೀನಿ" ಎಂದಷ್ಟೇ ಹೇಳಿ ಫೋನು ಇಟ್ಟೆ. ಫೋನಿನಲ್ಲೇ ಸತ್ಯ ಹೇಳಿಬಿಡಬಹುದಿತ್ತು. ಒಂದು ತಾಸು ಮುಂಚೆ ಅವಳ ಎದೆ ಹಗುರವಾಗುತ್ತಿತ್ತು. ಹೇಳಲು ಬಾಯಿ ಬರಲಿಲ್ಲ, ಹೇಡಿ ನಾನು. ಇದನ್ನು ಬೇರೆ ಮಾತಿನಲ್ಲಿ ಬರೆಯಲು ಸಾಧ್ಯವಿಲ್ಲ.

ಜೀಪು ಇಳಿದು ನಡೆದಾಗ ಊರು ಸ್ತಬ್ಧವಾಗಿತ್ತು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ನಾಯಿ ಕೂಡ ಬೊಗಳಲಿಲ್ಲ. ಅಕ್ಕನ ಮನೆಯ ಮುಂದಿನ ಬಣವೆಯ ಮೇಲೆ ದೂರದಿಂದಲೇ ಅಳಿಯ ಕಂಡ. ಅರ್ಧ ಹಾಸಿ ಅಷ್ಟಕ್ಕೇ ಬಿಟ್ಟಿದ್ದರು. ಒಂದು ಬದಿಗೆ ಕಲ್ಲು ಹೇರಿತ್ತು, ಇನ್ನೊಂದು ಬದಿ ಸಡಿಲಾಗಿತ್ತು. ಗಾಳಿ ಹೊಕ್ಕಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ತುಟಿಯ ಹತ್ತಿರ ಒಂದು ಮಡಿಕೆ ಬಿದ್ದು, ಗಾಳಿ ಬಂದಾಗ ಅದು ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತಿತ್ತು.

ಅಂಗಳದ ಗೋಡೆಗುಂಟ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಒಬ್ಬ ಮುದುಕಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ತಾರೀಖ ತಿಳಿಯೂತನಕಾ ಅಳಬ್ಯಾಡ್ರಿ ಅಂದಾಳ್ರಿ ನಿಮ್ಮಕ್ಕ. ಮುಂಜಾನಿಯಿಂದ ಹಿಂಗ ನಿಂತೀವಿ." ಭಾವ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಕ್ಕ ಕಟ್ಟೆಯ ಮೇಲೆ ಬಣವೆಗೆ ಎದುರಾಗಿ ಕೂತಿದ್ದಳು. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಕೈಯಲ್ಲಿ ಅದೇ ಎರಡು ಹಸಿರು ಬಳೆ.

"ಇದ ನಂದ ಕೈ ಐತಿ" ಅಂದಳು ನನ್ನನ್ನು ನೋಡದೆ. "ಮೊದಲ ಕೈ ಗುರ್ತ ಹತ್ತಿತು. ಆಮ್ಯಾಲ ಅವನ ಮಾರಿ ನೋಡೀನಿ."

ನಾನು ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಅವನಿಗೆ ಏನೂ ಆಗಿಲ್ಲ, ಇದನ್ನು ಮೊದಲೇ ಮಾಡಿಸಿಟ್ಟದ್ದು ಅಂದೆ. ಅವಳಿಗೆ ಅದು ತಿಳಿಯಲು ಹೊತ್ತು ಹಿಡಿಯಿತು. ಮೂರು ಸಲ ಕೇಳಿದಳು. ಮೊದಲೇ ಅಂದರೆ ಯಾವಾಗ, ಯಾರು, ಯಾಕೆ. ಮೂರು ಸಲವೂ ಹೇಳಿದೆ. ಗೋಡೆಗುಂಟ ನಿಂತ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು.

"ಹಂಗಾರ ಅವ ಜೀವಂತ ಅದಾನ?"

"ಅದಾನ ಅಕ್ಕಾ."

"ನಿನಗ ಹೆಂಗ ಗೊತ್ತು?"

ಹನ್ನೆರಡು ದಿನದಿಂದ ನನಗೂ ಅವನ ಸುದ್ದಿ ಇರಲಿಲ್ಲ. ಅವನು ಸತ್ತಿಲ್ಲ ಎಂದು ಹೇಳಲು ನನ್ನ ಬಳಿ ಇದ್ದ ಒಂದೇ ಆಧಾರ ಆ ಬಿಳಿ ಪಟ್ಟಿ. ಅಕ್ಕ ಎದ್ದು ಬಣವೆ ಹತ್ತಿ, ಕಲ್ಲು ಸರಿಸಿ, ಫ್ಲೆಕ್ಸನ್ನು ಮಗುವಿನ ದುಪಟಿ ಮಡಚಿದಂತೆ ಮೆಲ್ಲಗೆ ಸುತ್ತಿಕೊಂಡು ಇಳಿದಳು. ಮನೆಯೊಳಗೆ ಒಯ್ದು ಜೋಳದ ಚೀಲಗಳ ಮೇಲೆ ಅಡ್ಡ ಮಲಗಿಸಿದಳು.

ಮೂರು ದಿನ ನಾನು ಅಲ್ಲೇ ಉಳಿದೆ. ಹೋಗು ಎಂದು ಅಕ್ಕ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು. ಫೋನನ್ನು ಉಡಿಯಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಮನೆಯಲ್ಲಿ ಯಾರೂ ಜೋಳದ ಚೀಲಗಳ ಕಡೆಗೆ ಬೆನ್ನು ಮಾಡಿ ಕೂಡುತ್ತಿರಲಿಲ್ಲ. ಅಧ್ಯಕ್ಷರಿಂದ ನನಗೆ ಫೋನು ಬಂದಿತ್ತು. ಚಹಾಕ್ಕೆ ಯಾಕೆ ಬಂದಿಲ್ಲ, ಅಳಿಯನ ಸುದ್ದಿ ಬಾತಮಿ ಏನಾದರೂ ಇದೆಯೇ ಎಂದು ಕೇಳಿದರು. ಅವರ ದನಿಯಲ್ಲಿದ್ದುದು ಆತಂಕವಲ್ಲ, ಆಸೆ. ನನಗೆ ಅದು ಸ್ಪಷ್ಟವಾಗಿ ಕೇಳಿಸಿತು, ಯಾಕೆಂದರೆ ಆ ದನಿ ನನ್ನಲ್ಲೂ ಇತ್ತು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಎಮ್ಮೆ ಹಿಂಡುತ್ತಿದ್ದಾಗ ಅವಳ ಉಡಿಯಲ್ಲಿ ಫೋನು ಬಡಿದುಕೊಂಡಿತು. ಕೈ ಹಾಲಾಗಿತ್ತು. ನಾನು ತೆಗೆದು ಅವಳ ಕಿವಿಗೆ ಹಿಡಿದೆ. ಅಳಿಯನ ದನಿ ಜೋರಾಗಿಯೇ ಇತ್ತು, ನನಗೂ ಕೇಳಿಸುತ್ತಿತ್ತು.

"ಅವ್ವಾ, ಎಲ್ಲಾ ಛಲೋ ಐತಿ. ಅಂಜಬ್ಯಾಡ. ಎಮ್ಮಿ ಈದೈತೇನ?"

"ಈದೈತಿ" ಅಂದಳು ಅಕ್ಕ. "ಹೆಣ್ಗರಾ."

"ಬಣವಿ ಮುಚ್ಚೀರೇನ? ಮಾಮಾ ಬ್ಯಾನರ್ ಕಳಸ್ಯಾನೇನ?"

"ಕಳಸ್ಯಾನ."

ಅವನು ಅತ್ತ ಕಡೆಯಿಂದ ನಕ್ಕ. "ಈ ಸಲ ಯಾರ್ ಮಾರಿ ಬಂದೈತಿ?"

ಅಕ್ಕ ನನ್ನನ್ನು ನೋಡಿದಳು. ಆ ನೋಟ ನಾನು ಸಾಯುವತನಕ ಮರೆಯುವುದಿಲ್ಲ.

"ಯಾರೋ ಒಬ್ಬಾಂವ ಅದಾನಪಾ. ಗುರ್ತ ಇಲ್ಲ."

"ಬೋರಲ ಹಾಸವ್ವಾ" ಅಂದ ಅವನು. ಮತ್ತೆ ನಕ್ಕ, ಫೋನು ಇಟ್ಟ.

ಆಗ ಅತ್ತಳು ಅಕ್ಕ. ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ, ಹದಿನೈದು ದಿನದ್ದೆಲ್ಲ ಒಮ್ಮೆಲೇ. ಭಾವ ಓಡಿಬಂದರು, ಓಣಿಯವರು ಬಂದರು, ಯಾರೋ ಸಕ್ಕರೆ ಹಂಚಿದರು. ನನಗೂ ಕಣ್ಣೀರು ಬಂತು. ಮುಗಿಯಿತು ಅಂದುಕೊಂಡೆ. ಚಪ್ಪಲಿ ಮೆಟ್ಟಿ, ಆ ಸುರುಳಿಯನ್ನು ಒಯ್ಯಲೇ ಎಂದು ಕೇಳಿದೆ.

"ಬ್ಯಾಡ, ಇಲ್ಲೇ ಇರಲಿ" ಅಂದಳು ಅಕ್ಕ. ಮುಖ ತೊಳೆದುಕೊಂಡು ಬಂದಿದ್ದಳು, ದನಿ ತಣ್ಣಗಿತ್ತು. "ಸುಡಾಕ ಬರಂಗಿಲ್ಲ, ಒಗ್ಯಾಕ ಬರಂಗಿಲ್ಲ. ಅವ ಪೆನ್ಶನ್ ತಗೊಂಡ ಬಂದಮ್ಯಾಲ ಅವನ ಕೈಲೇ ಏನರ ಮಾಡಸ್ತೀನಿ. ಆದ್ರ ಒಂದ ಇರಬಾರದ ತಮ್ಮಾ. ಒಂದೇ ಇದ್ರ ಅದು ಒಬ್ಬನ್ನ ಕರೀತಿರತೈತಿ. ಜೋಡಿ ಮಾಡು."

"ಅಂದ್ರ?"

"ನಿನ್ನ ಮಗಂದೂ ಒಂದ ಮಾಡಿಸ್ಕೊಂಡ ಬಾ. ಹಿಂಗ, ತಾರೀಖ ಬಿಟ್ಟ. ಮುಂದಿನ ಗುರುವಾರ ತಾ."

ಒಂದು ಜೋಡಿ ಟಾವೆಲ್ಲು ತರಲು ಹೇಳಿದಂತೆ ಹೇಳಿದಳು. ನಾನು ಆಯಿತು ಅಂದೆ. ಅವಳಿಗೆ ಮಾಡಿದ ಅನ್ಯಾಯಕ್ಕೆ ಏನು ಕೇಳಿದರೂ ಮಾಡಬೇಕು ಎಂದೇ ಅಂದುಕೊಂಡು ಹೊರಟೆ. ಬರೀ ಒಂದು ಫ್ಲೆಕ್ಸು ತಾನೆ.

ಬುಧವಾರ ಛಾಪಖಾನೆಗೆ ಹೋದೆ. ಅದರ ಮಾಲೀಕ ನಡುವಯಸ್ಸಿನ, ಸೌಮ್ಯ ಮನುಷ್ಯ. ನಮ್ಮ ಗಲ್ಲಿಯ ಎಲ್ಲ ಹುಟ್ಟು, ಎಲ್ಲ ಸಾವು ಅವನ ಕಂಪ್ಯೂಟರಿನಲ್ಲೇ ಇವೆ. "ಬರ್ರಿ ಬರ್ರಿ, ಜನ್ಮದಿನದ್ದೇನ್ರಿ?" ಎಂದ. ಮಗನ ಫೋಟೊ ಅವನ ಫೋನಿಗೆ ಕಳಿಸಿದೆ. "ಆ ಹಳೇ ಡಿಸೈನ್ ಐತಲ್ಲ, ಜ್ಯೋತಿ ಇದ್ದದ್ದು. ಅದರಾಗ ಇದನ್ನ ಕೂಡಸ್ರಿ" ಅಂದೆ. ಅವನು ಏನೂ ಕೇಳಲಿಲ್ಲ. ಅವನ ಕಸುಬಿನಲ್ಲಿ ಕೇಳುವ ರೂಢಿ ಇಲ್ಲ.

ಪರದೆಯ ಮೇಲೆ ಅಳಿಯ ಬಂದ. ಛಾಪಖಾನೆಯವನು ಒಂದು ಗುಂಡಿ ಒತ್ತಿದ. ಅಳಿಯ ಹೋದ. ಎರಡು ಜ್ಯೋತಿಗಳ ನಡುವೆ ಆಳು ನಿಂತಷ್ಟು ಒಂದು ಖಾಲಿ ಉಳಿಯಿತು, ಅದರೊಳಗಿಂದ ನೀಲಿ ಆಕಾಶ ಕಾಣುತ್ತಿತ್ತು. ಇನ್ನೊಂದು ಗುಂಡಿ ಒತ್ತಿದ. ನನ್ನ ಮಗ ಬಂದು ಆ ಖಾಲಿಯಲ್ಲಿ ನಿಂತ. ದಪ್ಪ ಕನ್ನಡಕ ಹಾಕಿದ್ದ, ನಗುತ್ತಿದ್ದ. ಎಳೆಯಬೇಕಾಗಲಿಲ್ಲ, ಕತ್ತರಿಸಬೇಕಾಗಲಿಲ್ಲ.

"ಸೈಜ್ ಬರೋಬರ್ ಕೂತತ್ರಿ" ಎಂದ ಅವನು.

ಕೆಳಗೆ ಆ ಆರು ದುಂಡು ಚೌಕಟ್ಟು ಹಾಗೆಯೇ ಇದ್ದವು. ಶೋಕಾಕುಲ ಎಂಬ ಮಾತಿನ ಕೆಳಗೆ, ಎಡದಿಂದ ಎರಡನೆಯವನಾಗಿ, ನಾನು ಹಲ್ಲು ಕಾಣಿಸುತ್ತ ನಗುತ್ತಿದ್ದೆ. ಮಗ ಮೇಲೆ ನಗುತ್ತಿದ್ದ. ಎರಡೂ ಒಂದೇ ನಗು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಛಾಪಖಾನೆಯವನು ಬಿಳಿ ಪಟ್ಟಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿ ನನ್ನ ಕಡೆ ತಿರುಗಿದ. "ತಾರೀಖ ಹಾಕೂದೇನ್ರಿ, ಬಿಡೂದೇನ್ರಿ?"

"ತೆಗೀರಿ" ಅಂದೆ.

"ತಾರೀಖ ತೆಗೀಲ್ಯಾ?"

"ಅವನ್ನ ತೆಗೀರಿ. ಮೊದಲ ಅವನ್ನ ತೆಗೀರಿ ಅದರಾಗಿಂದ!"

ನಾನು ಕೂಗಿದ್ದೆ. ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಅವನು ಗಾಬರಿಯಾಗಿ ಅಳಿಸಿದ. "ಸೇವ್ ಮಾಡಿರಲಿಲ್ರಿ, ಕಾಳಜಿ ಮಾಡಬ್ಯಾಡ್ರಿ" ಅಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಪುಣೆಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಅಕ್ಕ ಹದಿನೈದು ದಿನ ಇದನ್ನು ಮಾಡಿದ್ದಳು. ಮೂರನೆಯ ಸಲಕ್ಕೆ ಮಗ ಎತ್ತಿದ.

"ಪಪ್ಪಾ, ಕ್ಲಾಸಿನ್ಯಾಗ ಇದ್ದೆ. ಏನಾತು?"

"ಏನಿಲ್ಲ. ಊಟ ಆತೇನ?"

ಗುರುವಾರ ಬರಿಗೈಯಲ್ಲಿ ಅಕ್ಕನ ಊರಿಗೆ ಹೋದೆ. ಬಣವೆಗಳ ಮೇಲೆ ಈ ಸಲ ಒಂದೂ ಮುಖ ಇರಲಿಲ್ಲ. ಎಲ್ಲವನ್ನೂ ಬೋರಲು ಹಾಸಿದ್ದರು, ಊರು ತುಂಬ ಬಿಳಿ ಬೆನ್ನುಗಳು. ಅಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ತಂದೀಯೇನ?"

"ಇಲ್ಲ ಅಕ್ಕಾ. ಮಾಡಸಾಕ ಆಗಲಿಲ್ಲ ನನಗ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೊರ ಕೆಳಗಿಟ್ಟು, ನಾನು ಸಣ್ಣವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಬರೇ ಫೋಟೊ ಕೇಳಿದ್ನಲ್ಲೋ ತಮ್ಮಾ."

ಅಷ್ಟು ಹೇಳಿ ಎದ್ದು, ನನಗೆ ರೊಟ್ಟಿ ಮಾಡಲು ಒಳಗೆ ಹೋದಳು.